ಸುಣ್ಣಕ್ಕೆ ಸೋಲದ ಎಳೆ

ಬಿರಡೆ ತೆಗೆದ ಕೂಡಲೇ ಕೇದಗೆಯ ವಾಸನೆ ಬಂತು.

ಸರ್ವಮಂಗಳಾ ಸೀಸೆಯನ್ನು ಮೂಗಿನಿಂದ ದೂರ ಹಿಡಿದು, ಮತ್ತೆ ಹತ್ತಿರ ತಂದಳು. ತಪ್ಪಿರಲಿಲ್ಲ. ಚನ್ನರಾಯನದುರ್ಗದಲ್ಲಿ ಅಜ್ಜಿಯ ಅಡಿಗೆಮನೆಯ ಗೂಡಿನೊಳಗೆ ಒಂದು ಪುಟ್ಟ ಸುಣ್ಣದ ಕುಡಿಕೆ ಇರುತ್ತಿತ್ತು. ಎಲೆ ಅಡಿಕೆಯ ಸುಣ್ಣ. ಅಜ್ಜಿ ಅದಕ್ಕೆ ಕೇದಗೆಯ ಗರಿ ಹಾಕಿ ಮುಚ್ಚಿಡುತ್ತಿದ್ದರು. ಮೊಮ್ಮಗಳು ಕದ್ದು ಮೂಸಲು ಹೋಗಿ ಮೂಗಿನ ತುದಿಯನ್ನು ಸುಟ್ಟುಕೊಂಡ ದಿನ, ಬೈಯದೆ, ಸೆರಗಿನ ತುದಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಒರೆಸಿದ್ದರು.

ಹೆಂಡದ ಹುಳಿ ವಾಸನೆ ಬರಬೇಕಾದ ಸೀಸೆಯಲ್ಲಿ ಅಜ್ಜಿಯ ಕುಡಿಕೆಯ ವಾಸನೆ.

ಕೊರಟಗೆರೆಯ ಮದುವೆ ಮುಗಿಸಿಕೊಂಡು ಮನೆಮಂದಿ ಮಧುಗಿರಿಗೆ ಹಿಂತಿರುಗುವಷ್ಟರಲ್ಲಿ ಈ ಸೀಸೆಯೊಳಗಿನ ವರ್ಷದ ಕೆಲಸ ಹಾಳಾಗಿತ್ತು. ಮನೆ ಕಾಯಲು ಉಳಿದಿದ್ದವನು ಇಲ್ಲಿ ಕಲಿಯುವ ಹುಡುಗ ಗಂಗಹನುಮಯ್ಯ ಒಬ್ಬನೇ.

"ಏನಾದರೂ ಗೊತ್ತಾಯಿತೇನಮ್ಮ?" ಎಂದರು ಮಲ್ಲಿಕಾರ್ಜುನಯ್ಯ.

ಬೆಂಗಳೂರಿನಲ್ಲಿ ಬಹುಕಾಲ ರಸಾಯನಶಾಸ್ತ್ರ ಕಲಿಸಿ, ನಿವೃತ್ತರಾಗಿ ಊರಿಗೆ ಬಂದು, ಹಿತ್ತಿಲ ದನದ ಕೊಟ್ಟಿಗೆಯನ್ನೇ ಪ್ರಯೋಗಶಾಲೆ ಮಾಡಿಕೊಂಡವರು ಅವರು. ಸರ್ವಮಂಗಳಾ ಅವರ ಹಳೆಯ ಶಿಷ್ಯೆ. ತುಮಕೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನದ ಉಪಾಧ್ಯಾಯಿನಿ. ಪಾವಗಡದ ಒಡವೆ ಕಳವನ್ನು ಅವಳು ಬಿಡಿಸಿದ ಮೇಲೆ, ಈ ಸೀಮೆಯ ಮರ್ಯಾದಸ್ಥರು ಪೊಲೀಸಿನವರಿಗಿಂತ ಮೊದಲು ಅವಳಿಗೆ ಹೇಳಿಕಳಿಸುತ್ತಿದ್ದರು.

"ಇನ್ನೂ ಇಲ್ಲ ಮೇಷ್ಟ್ರೇ. ಬಸ್ಸು ಎಷ್ಟು ಹೊತ್ತಿಗೆ?"

"ಸಂಜೆಗೆ. ಈ ಯುದ್ಧದ ಕಾಲದ, ಇದ್ದಿಲಿನಿಂದ ಓಡುವ ಬಸ್ಸನ್ನು ನಂಬುವ ಹಾಗಿಲ್ಲ. ಆದರೂ ಹೋಗಲೇಬೇಕು. ನಾಳೆ ಬೆಳಿಗ್ಗೆ ಸಂಶೋಧನೆಯ ವಿದ್ಯಾರ್ಥಿವೇತನಕ್ಕೆ ಒಬ್ಬನ ಹೆಸರು ಕೊಡಬೇಕು. ಒಬ್ಬನದೇ." ಮೇಷ್ಟ್ರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿಕೊಂಡರು. "ಗಂಗನೇ ಇದನ್ನು ಮಾಡಿದ್ದರೆ ಅದನ್ನೂ ಅಲ್ಲಿ ಹೇಳಬೇಕಾಗುತ್ತೆ. ಆಮೇಲೆ ಅವನಿಗೆ ಯಾವ ಪ್ರಯೋಗಶಾಲೆಯ ಬಾಗಿಲೂ ತೆರೆಯೋದಿಲ್ಲ."

ಕೊಟ್ಟಿಗೆಯ ಈ ಬದಿಯಲ್ಲಿ ಮೇಷ್ಟ್ರ ತಂಗಿಯ ಮಗ ನಂದೀಶ್ವರಯ್ಯನ ಮೇಜು. ಅವನು ಈಚಲ ಹೆಂಡದ ತಳದಲ್ಲಿ ನಿಲ್ಲುವ ಗಸಿಯಿಂದ, ಅಂದರೆ ಹುದುಗಿನ ಕಣಗಳಿಂದ, ಒಂದು ಆಮ್ಲವನ್ನು ತೆಗೆಯುತ್ತಿದ್ದ. ಆ ಬದಿಯಲ್ಲಿ, ಬಾವಿಯ ಕಡೆಯ ಬಾಗಿಲಿನ ಹತ್ತಿರ, ಶಿರಾದ ಹುಲಿಕುಂಟೆಯ ರೈತರ ಮಗ ಗಂಗಹನುಮಯ್ಯನ ಮೇಜು. ಅವನು ಕುರಿಮರಿಯ ಎದೆಯ ಗ್ರಂಥಿಯಿಂದ ಅದರದೇ ಜಾತಿಯ ಇನ್ನೊಂದು ಆಮ್ಲವನ್ನು ತೆಗೆಯುತ್ತಿದ್ದ. ಜೀವಕಣದ ತಿರುಳಿನಲ್ಲಿ ಮೊದಲು ಸಿಕ್ಕಿದ್ದರಿಂದ ಎರಡನ್ನೂ ಮೇಷ್ಟ್ರು ತಿರುಳಾಮ್ಲಗಳು ಎಂದು ಕರೆಯುತ್ತಿದ್ದರು.

ನಡುವೆ ನೆಲದ ಮೇಲೆ ಒಂದು ಬಿಳಿಯ ಗೆರೆ. ಅದನ್ನು ಎಳೆದವನು ನಂದೀಶ್ವರಯ್ಯ. ಲಿಂಗಪೂಜೆ ಮಾಡುವ ಕೈ, ಕುರಿಯ ಮಾಂಸವಿದ್ದ ಕಡೆ ಸುಳಿಯಬಾರದೆಂದು.

"ಹೆಂಡದ ಗಸಿ ಆಗಬಹುದೋ?" ಎಂದು ಮೇಷ್ಟ್ರು ಒಮ್ಮೆ ಕೇಳಿದ್ದರಂತೆ.

"ಕುಡಿಯೋದಿಲ್ಲವಲ್ಲ ಮಾವ," ಎಂದಿದ್ದನಂತೆ ಅವನು.

ಸರ್ವಮಂಗಳಾ ಎರಡು ಗಾಜಿನ ಲೋಟಗಳನ್ನು ಮುಂದಿಟ್ಟುಕೊಂಡಳು. ಗಂಗನ ಸೀಸೆಯಿಂದ ಒಂದಿಷ್ಟು ಬಗ್ಗಿಸಿ, ಹುಳಿಯ ಹನಿ ಬಿಟ್ಟು, ಮೇಲೆ ಸ್ಪಿರಿಟ್ ಸುರಿದಳು. ಬೆಳ್ಳಗೆ ಏನೋ ಅಲುಗಾಡಿತು. ಗಾಜಿನ ಕಡ್ಡಿ ತಿರುಗಿಸಿದಳು. ಶ್ಯಾವಿಗೆಗಿಂತ ಸಣ್ಣ ಎಳೆಗಳು ಕಡ್ಡಿಗೆ ಸುತ್ತಿಕೊಂಡು ಮೇಲೆ ಬಂದವು.

ನಂದೀಶನ ಸೀಸೆಯದಕ್ಕೂ ಹಾಗೆಯೇ ಮಾಡಿದಳು. ಒಡೆದ ಮೊಸರಿನಂಥ ಬಿಳಿಯ ಪುಡಿ ತಳಕ್ಕೆ ಇಳಿಯಬೇಕಿತ್ತು. ಏನೂ ಇಳಿಯಲಿಲ್ಲ.

"ನೋಡಿದಿರಲ್ಲ," ಎಂದು ಬಾಗಿಲಲ್ಲಿ ನಿಂತ ನಂದೀಶ್ವರಯ್ಯ ಹೇಳಿದ. "ಅವನದು ಅವನಿಗಿದೆ. ನನ್ನದು ನೀರಾಗಿದೆ. ಇನ್ನೇನು ಪತ್ತೆ ಮಾಡಬೇಕು ಇದರಲ್ಲಿ?"

ಅವಳು ಕೆಂಪು ಲಿಟ್ಮಸ್ ಕಾಗದದ ತುಂಡನ್ನು ಅವನ ಸೀಸೆಗೆ ಅದ್ದಿದಳು. ನೀಲಿಯಾಯಿತು. ಸುಣ್ಣ ಬಿದ್ದಿತ್ತು. ಇನ್ನೊಂದು ತುಂಡನ್ನು ಗಂಗನ ಸೀಸೆಗೆ ಅದ್ದಿದಳು.

ಅದೂ ನೀಲಿಯಾಯಿತು.

ಮೇಷ್ಟ್ರು ಬಗ್ಗಿ ನೋಡಿದರು. "ಎರಡಕ್ಕೂ ಹಾಕಿದ್ದಾರೆ."

ನಂದೀಶ್ವರಯ್ಯನ ಮುಖದ ಬಣ್ಣ ಸ್ವಲ್ಪ ಇಳಿಯಿತು. ಆದರೆ ಮಾತು ತಡವಾಗಲಿಲ್ಲ. "ಕಳ್ಳ ತನ್ನ ಮನೆಗೂ ಕನ್ನ ಹಾಕಿಕೊಂಡಿದ್ದಾನೆ, ಅಷ್ಟೆ. ತನ್ನದು ಕೆಡೋದಿಲ್ಲ ಅನ್ನೋದು ಅವನಿಗೆ ಗೊತ್ತು."

ಸರ್ವಮಂಗಳಾ ಎರಡೂ ಸೀಸೆಗಳ ತಳದ ಗಸಿಯನ್ನು ಬೇರೆ ಬೇರೆ ಸೋಸುಕಾಗದದ ಮೇಲೆ ಬಿಟ್ಟು, ಒಣಗಲೆಂದು ಕಿಟಕಿಯ ಬಿಸಿಲಿಗೆ ಇಟ್ಟಳು. ಸೀಸೆಗಳನ್ನು ಮತ್ತೆ ಅವುಗಳ ಚೌಕಟ್ಟಿನಲ್ಲಿ ನಿಲ್ಲಿಸಿದಳು. ಹಳೆಯ ತೇಗದ ಚೌಕಟ್ಟು. ಎರಡು ಮೂಲೆಗಳಲ್ಲಿ ಕೆತ್ತಿದ ಗಿಳಿಗಳು, ಕೊಕ್ಕಿಗೆ ಬಳಿದ ಕೆಂಪು ಇನ್ನೂ ಮಾಸಿರಲಿಲ್ಲ. ಪ್ರಯೋಗಶಾಲೆಗೆ ಯಾರು ಗಿಳಿ ಕೆತ್ತಿಸುತ್ತಾರೆ ಎಂದುಕೊಂಡು ಹೊರಗೆ ನಡೆದಳು.

ಹಿತ್ತಿಲಲ್ಲಿ ಮನೆಗೆಲಸದ ಲಕ್ಕಮ್ಮ ಪಾತ್ರೆ ಬೆಳಗುತ್ತಿದ್ದಳು. ಸರ್ವಮಂಗಳಾ ಹೊಸದಾಗಿ ಬಳಿದ ಗೋಡೆಯ ಮುಂದೆ ನಿಂತದ್ದನ್ನು ಕಂಡು ಕೈ ನಿಲ್ಲಿಸಿದಳು.

"ಏನ್ ಟೀಚರಮ್ಮ, ಗ್ವಾಡೆ ನೋಡ್ಕಂಡು ನಿಂತ್ಬುಟ್ರಿ? ನೀಲಿ ಒಸಿ ಜಾಸ್ತಿ ಬಿದ್ದೋಯ್ತು ಕಣಮ್ಮ, ಅದ್ಕೇ ಅಂಗೆ ಕಾಣ್ತದೆ."

"ಚೆನ್ನಾಗಿದೆ. ಮದುವೆಗೆ ಹೊಡೆದದ್ದೇ?"

"ಊಂ. ಮಿಕ್ಕಿದ್ದು ಚಿಕ್ಕಯ್ಯನೋರ ರೂಮಿನ ಹಿಂದ್ಗಡೆ ಮಡಕೇಲೈತೆ. ನಿಮ್ಮ ಇಸ್ಕೂಲಿಗೆ ಬೇಕಾದ್ರೆ ಹೊತ್ಕಂಡೋಗಿ." ಚಿಕ್ಕಯ್ಯ ಎಂದರೆ ನಂದೀಶ್ವರಯ್ಯ. "ಈ ಸಲ ನಾನು ಕೊಟ್ಟಿಗೆ ತಾವ ಮಾತ್ರ ಹೋಗ್ಲಿಲ್ಲಪ್ಪ. ಹೋದ ವರ್ಷ ಸುಣ್ಣದ ಬಕೀಟು ಉರುಳಿ ಅವರ ಪಾತ್ರೆಗೆ ಬಿದ್ದು ಎಲ್ಲಾ ಕೆಟ್ಟೋಯ್ತು. ಅವತ್ತು ನನ್ನ ಬೈದಿದ್ದು ಬೆಟ್ಟದ ಮ್ಯಾಲಿನ ಕೋಟೆಗೂ ಕೇಳಿರಬೇಕು. ಅಮ್ಮಾವ್ರು ಬಂದು ಬುಡಿಸ್ಕಂಡ್ರು. ಸಂಜೆಗೆ ಒಬ್ಬಟ್ಟು ಕೊಟ್ರು, ಬೈಸ್ಕಂಡಿದ್ದಕ್ಕೆ."

"ಗಂಗಹನುಮಯ್ಯ ಬೈತಾನಾ?"

"ಅಯ್ಯ, ಅದಾ? ಅದರ ಪಾತ್ರೆ ತೊಳೆದ್ರೆ ಕೈ ಚುರುಗುಟ್ತದೆ ಅಂತ ಅಂದಿದ್ದಕ್ಕೆ, ಅವತ್ತಿಂದ ತಾನೇ ತೊಳ್ಕತದೆ."

ಗಂಗಹನುಮಯ್ಯ ಬಾವಿಯ ಕಟ್ಟೆಯ ಮೇಲೆ ಕುಳಿತಿದ್ದ. ಟ್ರಂಕು ಪಕ್ಕದಲ್ಲೇ ಇತ್ತು. ಯಾರೂ ಹೋಗೆಂದು ಹೇಳುವ ಮೊದಲೇ ಕಟ್ಟಿಕೊಂಡು ಸಿದ್ಧನಾಗಿದ್ದ. ಅವಳನ್ನು ಕಂಡು ಎದ್ದು ನಿಂತ.

"ಕೂತ್ಕೊಳ್ಳಪ್ಪ. ಊಟ ಮಾಡಿದೆಯಾ?"

"ಹಸಿವಿಲ್ಲ ಅಕ್ಕಾವ್ರೇ."

ನಿನ್ನೆಯಿಂದ ಅವನಿಗೆ ಊಟಕ್ಕೆ ಕರೆಯೇ ಬಂದಿಲ್ಲವೆಂದು ಅವಳಿಗೆ ತಿಳಿದಿತ್ತು.

"ನಿನ್ನ ಸೀಸೆಗೂ ಸುಣ್ಣ ಬಿದ್ದಿದೆ," ಎಂದಳು.

ಅವನು ತಲೆಯೆತ್ತಿದ. ಹೆದರಿಕೆಯಲ್ಲ, ಆಶ್ಚರ್ಯ. ಆಮೇಲೆ ಅಷ್ಟು ಬೇಸರದಲ್ಲೂ ಅವನ ತುಟಿಯಲ್ಲಿ ನಗು ಬಂತು. "ನನ್ನದಕ್ಕೆ ಸುಣ್ಣ ಹಾಕಿದ್ರೆ ಏನಾಗ್ತದೆ? ನನ್ನ ಕೆಲಸ ಶುರುವಾಗೋದೇ ಕ್ಷಾರದಿಂದ. ಗ್ರಂಥಿ ಕೊಚ್ಚಿ ಕಾಸ್ಟಿಕ್ ಸೋಡಾ ನೀರಲ್ಲಿ ನೆನೆಹಾಕ್ತೀನಿ. ಅದರಲ್ಲೇ ಎಳೆ ಬಿಟ್ಕಂಡು ಬರ್ತದೆ."

"ಹುದುಗಿನದು?"

"ಅದು ತಡೆಯಲ್ಲ. ಈ ಬಿಸಿಲಿಗೆ ಸುಣ್ಣದ ಜೊತೆ ಎರಡು ಮೂರು ದಿನ ಬಿಟ್ರೆ ಚೂರುಚೂರಾಗಿಬಿಡ್ತದೆ. ಆಮೇಲೆ ಎಷ್ಟು ಸ್ಪಿರಿಟ್ ಸುರಿದರೂ ತಳಕ್ಕೆ ಕೂರಲ್ಲ."

"ಎರಡೂ ಒಂದೇ ಜಾತಿ ಅಂತೀರಲ್ಲ?"

"ಜಾತಿ ಒಂದೇ ಅಕ್ಕಾವ್ರೇ. ಎರಡರಲ್ಲೂ ರಂಜಕ, ಎರಡರಲ್ಲೂ ಒಂದು ಸಕ್ಕರೆ. ಆದ್ರೆ ಹುದುಗಿನ ಆಮ್ಲದ ಸಕ್ಕರೇಲಿ ಆಮ್ಲಜನಕ ಒಂದು ಹೆಚ್ಚು. ನನ್ನದರಲ್ಲಿ ಆ ಒಂದಿಲ್ಲ. ಕ್ಷಾರಕ್ಕೆ ಹಿಡಿದು ಮುರಿಯೋಕೆ ಅದೇ ಹಿಡಿಕೆ ಸಿಗ್ತದೆ ಅಂತ ನನ್ನ ಊಹೆ. ಖಚಿತವಾಗಿ ಹೇಳಲಾರೆ." ಮಾತಾಡುತ್ತ ಅವನು ಟ್ರಂಕನ್ನು ಮರೆತಿದ್ದ. "ಇನ್ನು ಅದಕ್ಕೆ ಅಂಟಿಕೊಂಡ ನಾಲ್ಕು ವಸ್ತು. ಮೂರು ಎರಡರಲ್ಲೂ ಅವೇ. ನಾಲ್ಕನೇದು ನನ್ನದರಲ್ಲಿ ಥೈಮಿನ್, ಅವರದರಲ್ಲಿ ಯುರಾಸಿಲ್. ಮುಂಚೆ ಒಂದು ಪ್ರಾಣಿಯದು, ಒಂದು ಗಿಡದ್ದು ಅಂತಿದ್ರು. ಅದೂ ಸರಿಯಲ್ಲ. ರಾಗಿ ಮೊಳಕೇಲಿ ಎರಡೂ ಐತೆ, ಬಣ್ಣ ಹಾಕಿ ಮೇಷ್ಟ್ರಿಗೆ ತೋರಿಸಿದೀನಿ. ನಮ್ಮವ್ವ ಮಾತ್ರ, 'ಕುರಿ ತಿನ್ನೋದು ಬುಟ್ಟು ಅದರೊಳಗೆ ಏನ್ಲಾ ಹುಡುಕ್ತೀಯ' ಅಂತದೆ."

"ಇದನ್ನೆಲ್ಲ ನಂದೀಶನಿಗೆ ಹೇಳಿದ್ದೀಯಾ?"

ನಗು ಆರಿತು. "ಅವರು ಗೆರೆ ದಾಟಲ್ಲ. ನಾನು ದಾಟಂಗಿಲ್ಲ."

ಅವಳು ಕೊಟ್ಟಿಗೆಗೆ ಹಿಂತಿರುಗಿದಾಗ ಸೋಸುಕಾಗದಗಳು ಒಣಗಿದ್ದವು. ಗಂಗನ ಸೀಸೆಯದರ ಮೇಲೆ ಉಳಿದ ಸುಣ್ಣ ತರಿತರಿ, ತಿಳಿನೀಲಿ. ಹಿತ್ತಿಲ ಗೋಡೆಯದೇ ಬಣ್ಣ. ನಂದೀಶನ ಸೀಸೆಯದರ ಮೇಲಿನದು ನುಣ್ಣಗೆ, ಅಪ್ಪಟ ಬಿಳಿ.

ಅವಳು ಎರಡನ್ನೂ ಮೇಜಿನ ಮೇಲಿಟ್ಟು ಮಾವ ಅಳಿಯ ಇಬ್ಬರನ್ನೂ ಕರೆದಳು.

"ನಂದೀಶ, ಆ ಮೇಜಿನ ಮೇಲಿರುವ ದೊಡ್ಡ ಜಾಡಿಯನ್ನು ಸ್ವಲ್ಪ ತಂದುಕೊಡುತ್ತೀಯಾ?"

ಅವನು ಹೊರಟು, ಬಿಳಿಯ ಗೆರೆಯ ಹತ್ತಿರ ಬಂದು ನಿಂತ. ನಿಲ್ಲಬೇಕೆಂದು ಯೋಚಿಸಿ ನಿಂತದ್ದಲ್ಲ, ಕಾಲೇ ನಿಂತಿತು.

"ಇರಲಿ," ಎಂದಳು ಅವಳು. "ಆ ಜಾಡಿಯಲ್ಲಿ ಏನಿದೆ ಗೊತ್ತೇ?"

"ನನಗೇನು ಗೊತ್ತು ಅವನ ಮಾಂಸದ ನೀರು."

"ಕಾಸ್ಟಿಕ್ ಸೋಡಾ. ಗಂಗನ ಕೆಲಸ ಅದರಿಂದಲೇ ಶುರು. ಮೇಷ್ಟ್ರಿಗೆ ಗೊತ್ತು. ಪಾತ್ರೆ ತೊಳೆದು ಕೈ ಉರಿಸಿಕೊಂಡ ಲಕ್ಕಮ್ಮನಿಗೂ ಗೊತ್ತು. ಒಂದು ಸಲ ಆ ಮೇಜಿನ ಹತ್ತಿರ ನಿಂತವರಿಗೆಲ್ಲ ಗೊತ್ತು." ಅವಳು ನೀಲಿಯ ಸುಣ್ಣವಿದ್ದ ಕಾಗದವನ್ನು ಅವನ ಕಡೆ ಸರಿಸಿದಳು. "ಇದನ್ನು ಹಾಕಿದವನಿಗೆ ಗೊತ್ತಿರಲಿಲ್ಲ. ಸುಣ್ಣ ಬಿದ್ದರೆ ಗಂಗನ ಆಮ್ಲವೂ ಸಾಯುತ್ತದೆ ಅಂದುಕೊಂಡಿದ್ದ. ಹೋದ ವರ್ಷ ಸುಣ್ಣದಿಂದ ತನ್ನದು ಸತ್ತದ್ದನ್ನು ಕಂಡವನು. ಈ ಗೆರೆಯನ್ನು ಒಂದು ಸಲವೂ ದಾಟದವನು."

"ಗಂಗನೇ ಹಾಕಿಕೊಂಡ ಅಂತ ನಾನು ಬೆಳಿಗ್ಗೆಯೇ ಹೇಳಿದೆನಲ್ಲ."

"ಕ್ಷಾರ ಬೇಕಾಗಿದ್ದರೆ ಅವನ ಮೇಜಿನ ಮೇಲೆಯೇ ಜಾಡಿ ತುಂಬ ಇದೆ. ನಿನ್ನ ರೂಮಿನ ಹಿಂದೆ ಇರುವ ಗೋಡೆಸುಣ್ಣ ಯಾಕೆ ಬೇಕು ಅವನಿಗೆ?"

ನಂದೀಶ್ವರಯ್ಯ ಮಾವನ ಕಡೆ ನೋಡಿದ. ಮಾವ ಅವನನ್ನು ನೋಡಲಿಲ್ಲ. ಕಡ್ಡಿಗೆ ಸುತ್ತಿಕೊಂಡೇ ಒಣಗಿದ್ದ ಎಳೆಗಳನ್ನು ನೋಡುತ್ತಿದ್ದರು. ಅವನಿಗೆ ಅದೇ ಸಾಕಾಯಿತು.

"ನೋಡಿ, ಈಗಲೂ ಅದನ್ನೇ ನೋಡ್ತಿದ್ದಾರೆ," ಎಂದ. ದನಿ ಏರಲಿಲ್ಲ. "ಮೊದಲು ಬೆಳಿಗ್ಗೆ ಎದ್ದ ಕೂಡಲೇ 'ನಂದಿ' ಅಂತ ಕರೆಯೋರು. ಅವನು ಬಂದ ಮೇಲೆ 'ಗಂಗಾ, ಬಾ ಇಲ್ಲಿ, ನೋಡು.' ನಾನು ಈ ಗೆರೆಯ ಈಚೆ ನಿಂತು ಇಬ್ಬರೂ ನಗೋದನ್ನು ಕೇಳ್ತಿದ್ದೆ. ಒಂದು ದಿನ ಮಾವ ತಮ್ಮ ಲೋಟದ ಕಾಫಿಯಲ್ಲಿ ಅರ್ಧ ಅವನಿಗೆ ಬಗ್ಗಿಸಿಕೊಟ್ಟರು. ನನಗೆ ಯಾವತ್ತೂ ಕೊಟ್ಟಿಲ್ಲ."

"ನೀನು ಕಾಫಿ ಕುಡಿಯೋದಿಲ್ಲವಲ್ಲೋ," ಎಂದರು ಮೇಷ್ಟ್ರು.

"ಕೇಳಬಹುದಾಗಿತ್ತು."

ನಂದೀಶ್ವರಯ್ಯ ಚೌಕಟ್ಟಿನ ಹತ್ತಿರ ಬಂದ.

"ಒಂದು ಕಾಲದಲ್ಲಿ ನನಗೋಸ್ಕರ ಅಟ್ಟದ ಮೇಲಿದ್ದ ತೊಟ್ಟಿಲನ್ನು ಒಡೆಸಿ ಈ ಚೌಕಟ್ಟು ಮಾಡಿಸಿದ್ದರು," ಎಂದು ಅವನು ಗಿಳಿಯ ತಲೆಯ ಮೇಲೆ ಬೆರಳಿಟ್ಟ. "'ಸುಮ್ಮನೆ ಬಿದ್ದಿದೆ, ನಿನಗಾದರೂ ಆಗಲಿ' ಅಂದರು. ಈಗ ಅದರಲ್ಲೂ ಅವನ ಸೀಸೆಗೆ ಜಾಗ, ಮಾವನೇ ತಂದಿಡುತ್ತಾರೆ. ಮದುವೆಗೆ ಹೊರಡೋ ದಿನ ಬೆಳಿಗ್ಗೆ ಗಾಡಿ ಕಟ್ಟುತ್ತಿದ್ದಾಗ ಹಾಕಿದೆ. ಒಂದು ಚಮಚ. ಇದೇ ಚೌಕಟ್ಟಿನಲ್ಲಿ ಇದ್ದದ್ದರಿಂದ ಗೆರೆ ದಾಟುವ ಕೆಲಸವೂ ಬೀಳಲಿಲ್ಲ. ಹೌದು, ನಾನೇ."

ಮೇಷ್ಟ್ರು ಮೆಲ್ಲಗೆ ಮಣೆಯ ಮೇಲೆ ಕುಳಿತರು. "ನಿನ್ನ ತಾಯಿಗೆ ಏನು ಹೇಳಲೋ ನಾನು?"

"ಏನಾದರೂ ಹೇಳಿ. ಆದರೆ ಅವನೇನು ಸಾಧುವಲ್ಲ. ನಾನು ಹಾಕಿದ್ದು ಹೇಗೋ ಗೊತ್ತಾಗಿ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ನನ್ನದಕ್ಕೆ ತಿರುಗಿ ಹಾಕಿದ್ದಾನೆ. ನನ್ನ ಸೀಸೆಯನ್ನು ನಾನೇ ಕೊಲ್ಲುತ್ತೇನೆಯೇ? ಸುಣ್ಣ ಏನು ಮಾಡುತ್ತೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ತನ್ನ ಸೀಸೆಗೆ ತಾನು ಹಾಕಿಲ್ಲ ಎಂಬುದು ಸುಳ್ಳಲ್ಲ ಎನ್ನಿಸಿತು ಸರ್ವಮಂಗಳಾಗೆ. ಬೆಳಿಗ್ಗೆಯಿಂದ ಅವನ ಕೋಪದಲ್ಲಿ ಕಂಡ ನಿಜವೂ ಅದೇ ಇರಬೇಕು.

ಅವಳು ಎರಡನೆಯ ಕಾಗದವನ್ನು ಎತ್ತಿಕೊಂಡಳು. "ಮೇಷ್ಟ್ರೇ, ಇದನ್ನು ಮೂಸಿ ನೋಡಿ."

ಅವರು ಮೂಸಿದರು. "ಹೂವಿನ ವಾಸನೆ."

"ಕೇದಗೆ. ಇದು ಎಲೆ ಅಡಿಕೆಯ ಸುಣ್ಣ. ನಿಮ್ಮ ಸುಣ್ಣದ ಡಬ್ಬಿ ಕೊಡಿ."

ಮೇಷ್ಟ್ರು ಸೊಂಟದ ಚೀಲದಿಂದ ಹಿತ್ತಾಳೆಯ ಡಬ್ಬಿ ತೆಗೆದು ಕೊಟ್ಟರು. ಬರಿಯ ಸುಣ್ಣ. ವಾಸನೆಯೇ ಇರಲಿಲ್ಲ.

"ಇನ್ಯಾರು ಎಲೆ ಅಡಿಕೆ ಹಾಕುತ್ತಾರೆ ಮನೆಯಲ್ಲಿ?"

"ನಾನೊಬ್ಬನೇ. ನಂದಿ ಹಾಕೋಲ್ಲ. ಗಂಗ ನನ್ನೆದುರು ಹಾಕೋಲ್ಲ, ಹಿಂದೆಯೂ ಹಾಕೋಲ್ಲ. ಸುಣ್ಣಕ್ಕೆ ಕೇದಗೆ ಹಾಕುವ ಷೋಕಿ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲಮ್ಮ."

"ಅಮ್ಮಾವರಿಗೆ?"

"ಜಗದಾಂಬೆಗೇ?" ಮೇಷ್ಟ್ರು ಯೋಚಿಸಿದರು. ಎಷ್ಟೋ ವರ್ಷ ಜೊತೆಗಿದ್ದ ಹೆಂಡತಿಯ ಬಾಯಿ ಕೆಂಪಗಿರುತ್ತದೆಯೋ ಇಲ್ಲವೋ ಎಂದು ನೆನಪು ಮಾಡಿಕೊಳ್ಳುತ್ತಿದ್ದರು. "ನಾನು ಅಡಿಗೆಮನೆಯ ಕಡೆ ಹೋಗೋದೇ ಇಲ್ಲವಲ್ಲಮ್ಮ. ನನಗೆ... ತಿಳಿಯದು."

ಅವರು ಎದ್ದರು. ಮುಖ ಗಟ್ಟಿಯಾಗಿತ್ತು. "ನಂದಿಯ ಹೆಸರು ಇನ್ನು ಕೊಡಲಾರೆ. ಆದರೆ ಈ ಎರಡನೆಯ ಸುಣ್ಣ ಯಾರದೆಂದು ಗೊತ್ತಾಗದೆ ಗಂಗನ ಹೆಸರನ್ನೂ ಕೊಡಲಾರೆ. ಮನೆಯಲ್ಲಿ ಇದ್ದವನು ಅವನೊಬ್ಬನೇ. ಬಸ್ಸು ಬರುವಷ್ಟರಲ್ಲಿ ನೀನು ಒಂದು ಹೆಸರು ಹೇಳಬೇಕು ಮಂಗಳಾ. ಹೇಳಲಾಗದಿದ್ದರೆ ಅವನು ಆ ಟ್ರಂಕು ಎತ್ತಿಕೊಂಡು ಹುಲಿಕುಂಟೆಗೆ ಹೋಗಲಿ."

ದೂರದಲ್ಲಿ, ಬೆಟ್ಟದ ಬುಡದ ರಸ್ತೆಯಲ್ಲಿ, ಇದ್ದಿಲ ಬಸ್ಸಿನ ಕೆಮ್ಮು ಕೇಳಿಸಿತು.

ಮೂವರೂ ಹಿತ್ತಿಲಿಗೆ ಬಂದಾಗ ಅಡಿಗೆಮನೆಯ ಬಾಗಿಲು ತೆರೆಯಿತು. ಜಗದಾಂಬ ಹೊರಗೆ ಬಂದರು. ಸಣ್ಣ ಮೈಕಟ್ಟು, ಹಣೆಯಲ್ಲಿ ವಿಭೂತಿ, ಎರಡೂ ಕೈಯಲ್ಲಿ ಮುತ್ತುಗದ ಎಲೆಯ ಬುತ್ತಿಗಳು. ಗಂಡನನ್ನು ದಾಟಿದರು. ನಂದೀಶನನ್ನು ದಾಟಿದರು. ಬಾವಿಯ ಕಟ್ಟೆಯ ಹತ್ತಿರ ಹೋಗಿ ಒಂದು ಬುತ್ತಿಯನ್ನು ಗಂಗಹನುಮಯ್ಯನ ಮುಂದೆ ಹಿಡಿದರು.

ಅವನು ಎದ್ದು, ನೆಲದ ಮೇಲಿಡಲಿ ಎಂದು ಒಂದು ಹೆಜ್ಜೆ ಹಿಂದೆ ಸರಿದ. ಆ ಮನೆಯ ರೂಢಿ ಅದು. ಜಗದಾಂಬ ನೆಲದ ಮೇಲಿಡಲಿಲ್ಲ. ಅವನ ಕೈ ಹಿಡಿದು ಅಂಗೈಯೊಳಗೇ ಇಟ್ಟರು.

"ನಿನ್ನೆಯೇ ಕೊಡಬೇಕಾಗಿತ್ತಪ್ಪ. ನನಗೆ ಮುಖ ಇರಲಿಲ್ಲ. ನೀನು ಉಪವಾಸ ಕೂರುವ ಹಾಗಾಗುತ್ತೆ ಅಂತ ಮದುವೆಗೆ ಹೊರಡುವಾಗ ನನಗೆ ಹೊಳೆದಿರಲಿಲ್ಲ."

ಬುತ್ತಿಯ ದಾರಕ್ಕೆ ಸಿಕ್ಕಿಸಿದ, ಸುಣ್ಣ ಹಚ್ಚಿದ ಎರಡು ವೀಳ್ಯದೆಲೆಯ ಮಡಿಕೆ ಇತ್ತು. ಊಟದ ಮೇಲೆ ಹಾಕಿಕೊಳ್ಳಲೆಂದು.

ಗಾಳಿ ಬಾವಿಯ ಕಡೆಯಿಂದ ಕೇದಗೆಯ ವಾಸನೆ ಹೊತ್ತು ಬೀಸಿತು. ಸರ್ವಮಂಗಳಾ ಕಣ್ಣು ಮುಚ್ಚಿಕೊಂಡಳು. ಅಜ್ಜಿಯ ಅಡಿಗೆಮನೆ, ಗೂಡು, ಕುಡಿಕೆ. ಕಣ್ಣು ತೆರೆದಾಗ ಮೊದಲು ಕಂಡದ್ದು ಕೊಟ್ಟಿಗೆಯ ಕಿಟಕಿಯೊಳಗಿನ ಚೌಕಟ್ಟು, ಅದರ ಮೂಲೆಯ ಗಿಳಿ. ಮಕ್ಕಳಿಲ್ಲದ ಈ ಮನೆಯ ಆ ತೊಟ್ಟಿಲಲ್ಲಿ ಯಾರು ಮಲಗಿದ್ದರು ಎಂದು ಇಡೀ ದಿನ ಯಾರೂ ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ.

"ಏನು ಮಂಗಳಾ?" ಎಂದರು ಮೇಷ್ಟ್ರು. "ಹೆಸರು ಸಿಕ್ಕಿತೇ?"

ಜಗದಾಂಬ ಅವಳ ಎದುರಿಗೆ ಬಂದು ನಿಂತಿದ್ದರು. ಬೆಳಿಗ್ಗೆಯಿಂದ ಏನೂ ತಿಂದಿಲ್ಲದ ಇನ್ನೊಬ್ಬರು ಆ ಮನೆಯಲ್ಲಿದ್ದಾರೆ ಎಂದು ಅವರೊಬ್ಬರೇ ಗಮನಿಸಿದ್ದರು.

"ಉಣ್ಣಮ್ಮ," ಎಂದರು, ಅವಳಿಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ. "ಉಂಡ ಮೇಲೆ ಯಾರ ಹೆಸರು ಹೇಳಬೇಕೋ ಹೇಳು. ನಾನು ಬೇಡ ಅನ್ನೋದಿಲ್ಲ."

ಎರಡನೆಯ ಬುತ್ತಿಯನ್ನು ಅವಳ ಕೈಗೆ ಕೊಟ್ಟರು. ಅದು ಇನ್ನೂ ಬೆಚ್ಚಗಿತ್ತು.